ಒಂದೂವರೆ ಬೆರಳಿನ ಅಂಚು

ಮಿಡ್ಲ್ ಸ್ಕೂಲಿನ ಹೆಡ್ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಯೋಗಾನರಸಿಂಹಯ್ಯನವರು ಹೊಳೆನರಸೀಪುರದ ಹೇಮಾವತಿ ವಾಚನಾಲಯವನ್ನು ನೋಡಿಕೊಳ್ಳಲು ಒಪ್ಪಿಕೊಂಡರು. ಎರಡು ಕೋಣೆ, ನಾಲ್ಕು ಬೀರು, ಪತ್ರಿಕೆ ಓದುವವರಿಗೆ ಒಂದು ಉದ್ದನೆಯ ಮೇಜು, ಇಷ್ಟೇ ವಾಚನಾಲಯ. ಅವರು ಬಂದ ಆರು ತಿಂಗಳಲ್ಲಿ ಪ್ರತಿ ಪುಸ್ತಕಕ್ಕೂ ಹೊಸ ರಟ್ಟು ಬಂತು, ಬೆನ್ನಿಗೆ ನಂಬರು ಬಂತು. ಊರಿನವರಿಗೆ ಅವರು ಆಗಲೂ ಮೇಷ್ಟ್ರೇ. ಅಕ್ಷರ ದುಂಡಗಿರಬೇಕು, ಗೆರೆ ನೆಟ್ಟಗಿರಬೇಕು, ಹಾಳೆಯ ಮೂಲೆ ಮಡಿಸಬಾರದು ಎಂದು ಮಕ್ಕಳಿಗೆ ಹೇಳುತ್ತಿದ್ದುದನ್ನೇ ಈಗ ಮೀಸೆ ಬಂದವರಿಗೂ ಹೇಳುತ್ತಿದ್ದರು.

೧೯೩೭ರ ಗೌರಿ ಹಬ್ಬದ ಹಿಂದುಮುಂದು ಅವರು ಚನ್ನರಾಯಪಟ್ಟಣದ ನೆಂಟರ ಮನೆಗೆ ಹೋಗಿದ್ದರು. ಪಕ್ಕದ ಬೀದಿಯಲ್ಲಿ, ಜರ್ಮನಿ ಯುದ್ಧಕ್ಕೆ ಹೋಗಿ ಬಂದಿದ್ದ ಕುದುರೆ ಸವಾರನೊಬ್ಬ ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ಹತ್ತಿರ ಯುದ್ಧಭೂಮಿಯ ಫೋಟೋಗಳಿದ್ದವು ಎಂದು ಯಾರೋ ಹೇಳಿದ್ದರಿಂದ ಮೇಷ್ಟ್ರು ನೋಡಲು ಹೋದರು. ಅವನು ಆ ಫೋಟೋಗಳನ್ನು ಪಡಸಾಲೆಯ ಗೋಡೆಗೆ ಅಂಟಿಸಿಕೊಂಡಿದ್ದನಂತೆ. ಹಬ್ಬಕ್ಕೆಂದು ಮನೆಯವರು ಅವುಗಳ ಮೇಲೆಯೇ ಸುಣ್ಣ ಬಳಿದಿದ್ದರು. ಸುಣ್ಣದ ಅಡಿಯಿಂದ ಒಂದು ಕುದುರೆಯ ಕಿವಿ ಮಾತ್ರ ಕಾಣುತ್ತಿತ್ತು.

ಮೇಷ್ಟ್ರಿಗೆ ಅದು ಬಹಳ ದಿನ ಚುಚ್ಚುತ್ತಲೇ ಇತ್ತು. ಮೈಸೂರು ಸೀಮೆಯ ಹುಡುಗರು ಕುದುರೆ ಏರಿ ಸಮುದ್ರ ದಾಟಿ ಈಜಿಪ್ಟಿಗೆ, ಪ್ಯಾಲೆಸ್ಟೈನಿಗೆ ಹೋಗಿ ಕಾದಾಡಿದ್ದರು. ಶಾಲೆಯ ಪುಸ್ತಕದಲ್ಲಿ ಅದು ಒಂದು ಸಾಲು. ಹೋದವರಲ್ಲಿ ಬದುಕಿರುವವರಿಗೂ ವಯಸ್ಸಾಗುತ್ತಿತ್ತು. ವಾಚನಾಲಯದ ಸಮಿತಿಯ ಮುಂದೆ ಅವರು ಎದ್ದು ನಿಂತು ಹೇಳಿದರು: "ಶಾಸನ, ತಾಮ್ರಪಟ ಇವೆಲ್ಲಾ ಹೇಗೆ ದಾಖಲೆಯೋ ಈ ಫೋಟೋಗಳೂ ಹಾಗೇ ದಾಖಲೆ. ಸಿಕ್ಕಿದಷ್ಟನ್ನು ನಾವು ಕಾಪಾಡಿಡೋಣ. ಐವತ್ತು ವರ್ಷ ಆದಮೇಲೆ ಹುಡುಕಿಕೊಂಡು ಬಂದವರಿಗೆ ಇಲ್ಲಿ ಸಿಗಬೇಕು."

ಸಮಿತಿ ಒಪ್ಪಿತು. ಮೇಷ್ಟ್ರು ಹಾಸನ, ಅರಕಲಗೂಡು, ಕೊಣನೂರು ಎಂದು ಬಿಡುವಿದ್ದಾಗಲೆಲ್ಲ ಸುತ್ತಿದರು. ಹೆಚ್ಚಿನ ಕಡೆ ಸಿಕ್ಕಿದ್ದು ಪದಕ, ಬೆಲ್ಟು, ಹಳೆಯ ಕಾಗದ. ಕೊನೆಗೆ ಅರಕಲಗೂಡಿನ ಬೆಲ್ಲದ ಮಂಡಿಯ ಪರಮಶಿವಯ್ಯನವರು ತಾವಾಗಿಯೇ ಮಾತು ತೆಗೆದರು. ಅವರ ಅಣ್ಣ ಷಡಕ್ಷರಿ ಕುದುರೆಪಡೆಯ ದಫ್ತರದಲ್ಲಿ ಗುಮಾಸ್ತನಾಗಿ ಹೋಗಿದ್ದ. ಅಲ್ಲಿ ಒಂದು ಸಣ್ಣ ಕ್ಯಾಮೆರಾ ಕೊಂಡು, ತಾನೇ ಕಲಿತು, ಕಂಡದ್ದನ್ನೆಲ್ಲ ತೆಗೆದಿದ್ದ. ೧೯೧೮ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಜ್ವರ ಬಂದು ಅಲ್ಲೇ ತೀರಿಕೊಂಡ. ಕ್ಯಾಮೆರಾ ಏನಾಯಿತೋ ಗೊತ್ತಿಲ್ಲ. ಒಂದು ತಗಡಿನ ಪೆಟ್ಟಿಗೆಯಲ್ಲಿ ಇಪ್ಪತ್ತಮೂರು ಫೋಟೋ ಮನೆಗೆ ಬಂದಿದ್ದವು. ಅವು ಷಡಕ್ಷರಿಯ ಹೆಂಡತಿ ರೇವಮ್ಮನವರ ಹತ್ತಿರ ಇದ್ದವು.

ರೇವಮ್ಮನವರಿಗೆ ಆಗ ನಲವತ್ತೆರಡು ನಲವತ್ತಮೂರು. ಗಂಡ ಹಡಗು ಹತ್ತಿದಾಗ ಅವರು ಈ ಮನೆಗೆ ಬಂದು ಎರಡು ವರ್ಷವಷ್ಟೇ ಆಗಿತ್ತು. ಪೆಟ್ಟಿಗೆ ತಂದು ಮೈದುನನ ಮುಂದೆ ಇಟ್ಟು ಬಾಗಿಲ ಪಕ್ಕದಲ್ಲಿ ನಿಂತರು.

"ಅತ್ಗೆಮ್ಮ, ನಮ್ಮನೇಲಿದ್ರೆ ಇವತ್ತಲ್ಲ ನಾಳೆ ಹುಳ ತಿಂತದೆ. ಮೇಷ್ಟ್ರ ಹತ್ರ ಬೀರೂಲಿ ಭದ್ರವಾಗಿರ್ತದೆ. ಅಣ್ಣನ ಹೆಸ್ರೂ ಉಳೀತದೆ," ಎಂದರು ಪರಮಶಿವಯ್ಯ.

ಮೇಷ್ಟ್ರು ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಕಾಲುವೆಯ ದಡದಲ್ಲಿ ಸಾಲಾಗಿ ನಿಂತ ಕುದುರೆಗಳು. ಒಂಟೆಯ ಮೇಲೆ ನೀರಿನ ಪೀಪಾಯಿ. ಮರಳಿನಲ್ಲಿ ಕುಳಿತು ಅನ್ನ ಬೇಯಿಸುತ್ತಿರುವ ನಾಲ್ವರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಜಾಗ, ತಾರೀಖು, ಒಂದೊಂದರಲ್ಲಿ ಹೆಸರು. ಇಷ್ಟು ಅಚ್ಚುಕಟ್ಟಾದ ದಾಖಲೆ ತಮ್ಮ ಕೈಗೆ ಬರುತ್ತದೆಂದು ಅವರು ಎಣಿಸಿರಲಿಲ್ಲ.

"ನಂಗೆ ನೋಡ್ಬೇಕು ಅನ್ಸಿದ್ರೆ ಅಲ್ಲಿಗೆ ಬರ್ಬೋದಾ?" ಎಂದು ರೇವಮ್ಮ ಕೇಳಿದರು.

"ಯಾವಾಗ ಬೇಕಾದರೂ ಬನ್ನಿ ತಾಯಿ. ನಿಮಗೆ ಇಲ್ಲ ಅನ್ನೋರು ಯಾರು?"

ರೇವಮ್ಮ ಪೆಟ್ಟಿಗೆಯಿಂದ ಒಂದು ಫೋಟೋ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಹಾಸನದ ಆಚೆಯ ದುದ್ದ ಗ್ರಾಮದ ಮಂಚಯ್ಯ ಎಂಬ ಲಾಳ ಕಟ್ಟುವವನು ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಫೋಟೋ ಅದು. ಆಮೇಲೆ ಅದನ್ನೂ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು. ಅದರಲ್ಲೇನಿದೆ ಎಂದು ಮೇಷ್ಟ್ರು ಕೇಳಲಿಲ್ಲ. ಬಸ್ಸು ಹೊರಡುವ ಹೊತ್ತಾಗಿತ್ತು.

ಹಾಸನದಲ್ಲಿ ಕಪ್ಪು ರಟ್ಟಿನ ಒಳ್ಳೆಯ ಆಲ್ಬಂ ಸಿಕ್ಕಿತು. ಪ್ರತಿ ಹಾಳೆಯಲ್ಲೂ ಫೋಟೋ ಕೂರಿಸಲು ಚೌಕಟ್ಟು ಕೊರೆದಿತ್ತು. ಆದರೆ ಇಪ್ಪತ್ತಮೂರರಲ್ಲಿ ಒಂಬತ್ತು ಫೋಟೋ ಚೌಕಟ್ಟಿಗಿಂತ ದೊಡ್ಡವು. ಆಲ್ಬಂ ಮಾರಿದ ಸ್ಟುಡಿಯೋದ ಗೌರೀಶಂಕರನಿಗೆ ಮೇಷ್ಟ್ರು ಅವನ್ನು ತೋರಿಸಿದರು. ಅವನು ಕೆಲವಕ್ಕೆ ಮೇಲಿನ ಆಕಾಶ ಕತ್ತರಿಸಿ ಎಂದ. ಮಂಚಯ್ಯನ ಫೋಟೋ ನೋಡಿ ನಕ್ಕ.

"ಇದಕ್ಕೆ ಕೆಳಗಡೆ ತೆಗೀರಿ ಮೇಷ್ಟ್ರೇ. ಸೂರ್ಯನಿಗೆ ಬೆನ್ನು ಮಾಡಿ ನಿಂತು ತೆಗೆದಿದಾನೆ, ಅವನ ನೆರಳೇ ಬಿದ್ದುಬಿಟ್ಟಿದೆ ನೋಡಿ. ಹೊಸದಾಗಿ ಕಲಿತೋರು ಮಾಡೋ ತಪ್ಪು. ಇಷ್ಟು ಕತ್ತರಿಸಿದರೆ ಚೊಕ್ಕವಾಗುತ್ತೆ."

ಮೇಷ್ಟ್ರು ನೋಡಿದರು. ಹೌದು, ಮುಂದಿನ ಮರಳಿನ ಮೇಲೆ ಒಬ್ಬ ಮನುಷ್ಯನ ನೆರಳು ಇತ್ತು. ತಲೆಗೆ ರುಮಾಲು, ಎದೆಯ ಹತ್ತಿರ ಮಡಿಸಿ ಹಿಡಿದ ಎರಡು ಮೊಣಕೈ. ಎಡ ಭುಜ ಬಲಕ್ಕಿಂತ ಚೂರು ತಗ್ಗು. ಚಿತ್ರಕ್ಕೆ ಅದರಿಂದ ಅಂದಗೇಡು ಎಂದು ಅವರಿಗೂ ಅನ್ನಿಸಿತು.

ಮರುದಿನ ಬೆಳಿಗ್ಗೆ ಮನೆಯ ಮೇಜಿನ ಮೇಲೆ ಉಕ್ಕಿನ ಸ್ಕೇಲು ಇಟ್ಟು, ಹೊಸ ಬ್ಲೇಡಿನಿಂದ ಒಂಬತ್ತೂ ಫೋಟೋ ಕತ್ತರಿಸಿದರು. ಮಂಚಯ್ಯನದರಲ್ಲಿ ಕೆಳಗಿನ ಒಂದೂವರೆ ಬೆರಳಿನ ಅಂಚು ಹೋಯಿತು. ಕೈ ಒಂದಿಷ್ಟೂ ಅಲುಗಲಿಲ್ಲ. ಗೆರೆ ನೇರವಾಗಿ ಬಂತು. ಹೆಂಡತಿ ಅಂಬುಜಮ್ಮ ನೆಲದ ಮೇಲೆ ಬಿದ್ದ ಚೂರುಗಳನ್ನು ಗುಡಿಸಿ ಬಚ್ಚಲೊಲೆಗೆ ಹಾಕಿದರು. ಮೇಷ್ಟ್ರು ಬಿಳಿ ಶಾಯಿಯಲ್ಲಿ ಪ್ರತಿ ಫೋಟೋದ ಅಡಿಯಲ್ಲೂ ದುಂಡಗೆ ವಿವರ ಬರೆದರು.

೧೯೩೮ರ ಕಾರ್ತಿಕದಲ್ಲಿ ಆಲ್ಬಂ ಅನ್ನು ಸಭೆ ಸೇರಿಸಿ ವಾಚನಾಲಯಕ್ಕೆ ಒಪ್ಪಿಸಿದರು. ಹಾಸನದಿಂದ ಬಂದ ಅಧಿಕಾರಿಗಳು ಹಾಳೆ ತಿರುವಿ ತಿರುವಿ ಹೊಗಳಿದರು. ಮೇಷ್ಟ್ರಿಗೆ ಹಾರ ಹಾಕಿದರು. ಪರಮಶಿವಯ್ಯನವರೂ ಮಾತಾಡಿದರು. ರೇವಮ್ಮ ಹಿಂದೆ ಹೆಂಗಸರ ಜೊತೆ ಕುಳಿತಿದ್ದರು. ಎಲ್ಲರೂ ಉಪ್ಪಿಟ್ಟು ಕಾಫಿ ಮುಗಿಸಿ ಹೊರಟ ಮೇಲೆ ಮೇಷ್ಟ್ರು ಆಲ್ಬಂ ತಂದು ಅವರ ಮುಂದೆ ಇಟ್ಟರು. ಮನಸ್ಸಿನಲ್ಲಿ ಹಿಗ್ಗಿತ್ತು.

ರೇವಮ್ಮ ನಿಧಾನವಾಗಿ ತಿರುವಿದರು. ಹನ್ನೊಂದನೆಯ ಹಾಳೆಯಲ್ಲಿ ನಿಂತರು. ಮುಂದಕ್ಕೆ ತಿರುವಿ ಮತ್ತೆ ಅಲ್ಲಿಗೇ ಬಂದರು.

"ಮೇಷ್ಟ್ರೇ, ಇದ್ರಲ್ಲಿ ಇನ್ನೊಬ್ರಿದ್ರು."

"ಇಲ್ಲವಲ್ಲ ತಾಯಿ. ಇದರಲ್ಲಿ ಲಾಳದ ಮಂಚಯ್ಯ ಒಬ್ಬನೇ. ಹಿಂದೆ ಹಾಗೇ ಬರೆದಿತ್ತು."

"ಹಿಂದೆ ಅಲ್ಲ. ಇಲ್ಲಿ." ಅವರ ಬೆರಳು ಫೋಟೋದ ಕೆಳಗಿನ ಕಪ್ಪು ರಟ್ಟಿನ ಮೇಲೆ ಓಡಾಡಿತು. "ಇಲ್ಲಿ ನಮ್ಮನೆಯವ್ರಿದ್ರು."

ಮೇಷ್ಟ್ರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಬೆಂಚಿನ ಮೇಲೆ ಕುಳಿತರು.

"ಮದ್ವೇಲಿ ಪಟ ತೆಗ್ಸೋ ಕಾಲ ಅಲ್ಲ ಆಗ," ರೇವಮ್ಮ ತಗ್ಗಿದ ದನಿಯಲ್ಲೇ ಹೇಳುತ್ತಿದ್ದರು. "ಅಲ್ಲಿಗೋದ್ಮೇಲೆ ಕ್ಯಾಮ್ರಾ ಅವ್ರ ಕೈಲೇ ಇರ್ತಿತ್ತು. ಇಷ್ಟು ಪಟದಲ್ಲಿ ಅವ್ರು ಎಲ್ಲೂ ಇಲ್ಲ. ಇದೊಂದ್ರಲ್ಲಿ ನೆರ್ಳಿತ್ತು. ಭುಜ ನೋಡಿದ್ರೇ ಅವ್ರು ಅಂತ ಗೊತ್ತಾಗ್ತಿತ್ತು. ಎಡಗಡೆ ಚೂರು ಇಳ್ಸಿ ನಿಲ್ಲೋರು."

"ನಾನೇ ಕತ್ತರಿಸಿದೆ ತಾಯಿ. ಚೌಕಟ್ಟಿಗೆ ಕೂರಲಿಲ್ಲ ಅಂತ."

"ಆ ಚೂರಾದ್ರೂ ಐತಾ?"

ಇಲ್ಲವೆಂದು ಗೊತ್ತಿದ್ದೂ ಮೇಷ್ಟ್ರು ಎದ್ದು ಬಿರಬಿರನೆ ಮನೆಗೆ ಹೋದರು. ಮೇಜಿನ ಅಡಿ, ಕಸದ ಮೂಲೆ, ಹಳೆಯ ಪತ್ರಿಕೆಗಳ ನಡುವೆ, ಎಲ್ಲ ಕಡೆ ತಡಕಾಡಿದರು. ಹಿಂತಿರುಗಿ ಬಂದಾಗ ರೇವಮ್ಮ ಆಲ್ಬಂ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕುಳಿತಿದ್ದರು. ಮೇಷ್ಟ್ರ ಮುಖ ನೋಡಿ ಅವರು ಮತ್ತೆ ಕೇಳಲಿಲ್ಲ.

ಹೊರಡುವಾಗ ಮಾತ್ರ ಹೇಳಿದರು: "ಆ ಮಂಚಯ್ಯಂಗೂ ಇದೇ ಪಟ ಒಂದು ಕೊಟ್ಟಿದೀನಿ ಅಂತ ನಮ್ಮನೆಯವ್ರು ಕಾಗದದಲ್ಲಿ ಬರ್ದಿದ್ರು. ದುದ್ದದೋರು. ಬದ್ಕಿದ್ರೆ ಅವ್ರ ಹತ್ರ ಇರ್ಬೋದು."

"ಬರೋ ವಾರವೇ ಹೋಗ್ತೀನಿ," ಎಂದರು ಮೇಷ್ಟ್ರು. "ಅದನ್ನು ತಂದು ನಿಮ್ಮ ಕೈಗೇ ಕೊಡ್ತೀನಿ."

ಆ ವಾರ ಅವರು ಹೋಗಲಿಲ್ಲ. ಹಾಸನದ ಪತ್ರಿಕೆಯೊಂದರಲ್ಲಿ ಆಲ್ಬಮ್ಮಿನ ಬಗ್ಗೆ ಬಂದಿತ್ತು, ದೂರದೂರಿಂದ ಜನ ನೋಡಲು ಬರುತ್ತಿದ್ದರು. ಅದೊಂದು ನೆಪ. ನಿಜವಾದ ಕಾರಣ ಅವರಿಗೆ ಗೊತ್ತಿತ್ತು. ದುದ್ದಕ್ಕೆ ಹೋಗಿ ಫೋಟೋ ಕೇಳಬೇಕೆಂದರೆ ಯಾಕೆ ಬೇಕೆಂದು ಹೇಳಬೇಕು. ಹೇಳಿದರೆ ತಾವು ಮಾಡಿದ್ದನ್ನು ಹೇಳಬೇಕು. ಮೂವತ್ತು ವರ್ಷ ಇನ್ನೊಬ್ಬರ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿದವರಿಗೆ ಅದು ಆಗುತ್ತಿರಲಿಲ್ಲ.

ರೇವಮ್ಮ ಎರಡು ಮೂರು ತಿಂಗಳಿಗೊಮ್ಮೆ ಬಂದು ಆಲ್ಬಂ ನೋಡಿ ಹೋಗುತ್ತಿದ್ದರು. ಮೊದಲ ಮೂರು ಸಲ, "ದುದ್ದಕ್ಕೆ ಹೋಗಿದ್ರಾ ಮೇಷ್ಟ್ರೇ?" ಎಂದು ಕೇಳಿದರು. ಒಮ್ಮೆ ಮೇಷ್ಟ್ರು ತಮಗೆ ಮೈ ಸರಿಯಿರಲಿಲ್ಲ ಎಂದರು. ಒಮ್ಮೆ ಮಳೆ ಎಂದರು. ಮೂರನೆಯ ಸಲ ಮಂಚಯ್ಯ ಎಲ್ಲೋ ಪರವೂರಿಗೆ ಹೋಗಿದ್ದಾನಂತೆ ಎಂದು ಸುಳ್ಳೇ ಹೇಳಿದರು. ನಾಲ್ಕನೆಯ ಸಲ ರೇವಮ್ಮ ಕೇಳಲಿಲ್ಲ. ಹನ್ನೊಂದನೆಯ ಹಾಳೆ ತೆಗೆದು ಸ್ವಲ್ಪ ಹೊತ್ತು ಕುಳಿತು ಎದ್ದು ಹೋದರು. ಆಮೇಲೆ ಯಾವತ್ತೂ ಕೇಳಲಿಲ್ಲ. ಮೇಷ್ಟ್ರಿಗೆ ಮೊದಮೊದಲು ನೆಮ್ಮದಿಯೆನಿಸಿತು. ಹೋಗಹೋಗುತ್ತಾ, ಅವರು ಒಂದು ಸಲ ಕೇಳಲಿ ಎಂದು ಕಾಯುವಂತಾಯಿತು.

ಇನ್ನೊಂದು ಮಹಾಯುದ್ಧ ಶುರುವಾಯಿತು. ವಾಚನಾಲಯದ ಉದ್ದನೆಯ ಮೇಜಿನ ಸುತ್ತ ಜನ ನಿಂತುಕೊಂಡೇ ಪತ್ರಿಕೆ ಓದುತ್ತಿದ್ದರು. ೧೯೪೨ರಲ್ಲಿ ಸಿಂಗಪುರ ಬಿತ್ತು. ಆ ವರ್ಷ ಬೇಸಿಗೆ ಕಳೆದರೂ ರೇವಮ್ಮ ಬರಲಿಲ್ಲ. ಸಂತೆಯಲ್ಲಿ ಸಿಕ್ಕಿದ ಪರಮಶಿವಯ್ಯನವರು, "ಅತ್ಗೆಮ್ಮಂಗೆ ಮೈ ಸರಿ ಇಲ್ಲ ಮೇಷ್ಟ್ರೇ. ಹಾಸಿಗೆ ಹಿಡಿದು ಎರಡು ತಿಂಗಳಾಯ್ತು, ಈಗೊಂಚೂರು ಎದ್ದು ಓಡಾಡ್ತಾರೆ," ಎಂದರು.

ಮರುದಿನವೇ ಮೇಷ್ಟ್ರು ರೈಲು ಹತ್ತಿ ಹಾಸನಕ್ಕೆ ಹೋದರು. ಅಲ್ಲಿಂದ ಇದ್ದಿಲಿನಿಂದ ಓಡುವ, ಹೊಗೆ ಕಾರುವ ಬಸ್ಸಿನಲ್ಲಿ ದುದ್ದ. ಮಂಚಯ್ಯನ ಮನೆ ಹುಡುಕಲು ಕಷ್ಟವಾಗಲಿಲ್ಲ. ಐವತ್ತೈದು ದಾಟಿದ, ಎಲುಬು ಗಟ್ಟಿಯಿದ್ದ ಆಳು, ಹಟ್ಟಿಯ ಮುಂದೆ ಎತ್ತಿಗೆ ಲಾಳ ಕಟ್ಟುತ್ತಿದ್ದ. ಮೇಷ್ಟ್ರು ಮೊದಲ ಸಲ, ಏನನ್ನೂ ಮುಚ್ಚಿಡದೆ, ನಡೆದದ್ದನ್ನೆಲ್ಲ ಹೇಳಿದರು. ಹೇಳುವುದು ಅವರು ನಾಲ್ಕು ವರ್ಷ ಹೆದರಿಕೊಂಡಷ್ಟು ಕಷ್ಟವಾಗಿರಲಿಲ್ಲ.

ಮಂಚಯ್ಯ ಸುತ್ತಿಗೆ ಕೆಳಗಿಟ್ಟ.

"ಪಟ ಇತ್ತು ಸಾ. ಒಳಗ್ಡೆ ಗ್ವಾಡೆ ಮ್ಯಾಲೆ ತೂಗಾಕಿದ್ದೆ. ಓದ್ ವರ್ಸ ಮಗ ದಂಡು ಸೇರಿ ಮಲಾಯಕ್ಕೆ ಓಗೋವಾಗ ತಕ್ಕೊಂಡ್ ಓಗ್ಬುಟ್ಟ. ಅಪ್ಪ, ನೀನು ದಂಡಿಗೋಗಿ ಜೀವಂತ ಬಂದಿದೀಯ, ನಿನ್ ಪಟ ನನ್ ಜ್ವತೆ ಇರ್ಲಿ ಅಂದ. ನಾನೇ ಎತ್ಕೊಟ್ಟೆ."

"ಈಗ ಮಗ ಎಲ್ಲಿದಾನೆ?"

"ಸಿಂಗಪುರದಾಗೆ ಜಪಾನಿನೋರ ಕೈಗೆ ಸಿಕ್ಕವ್ನೆ ಅಂತಾರೆ. ಅವ್ನೋ ಇಲ್ವೋ. ಒಂದ್ ಕಾಗ್ದ ಬಂದಿಲ್ಲ ಸಾ."

ಅವನ ಸಂಕಟದ ಮುಂದೆ ಮೇಷ್ಟ್ರಿಗೆ ತಾವು ಫೋಟೋ ಕೇಳಿಕೊಂಡು ಬಂದದ್ದೇ ನಾಚಿಕೆಯಾಯಿತು. ಏಳಲು ಹೊರಟರು. ಮಂಚಯ್ಯನೇ ತಡೆದ.

"ಕೂತ್ಕಳಿ ಸಾ. ಆ ನೆಳ್ಳಿನ್ ವಿಚಾರ ನಂಗೆ ಚೆನ್ನಾಗ್ ಗ್ಯಪ್ತಿ ಅದೆ. ಬೆಳಿಗ್ಗೆ ಒತ್ತು. ನಾನು ಕುದ್ರೆ ಕಾಲು ತೊಡೆ ಮ್ಯಾಲೆ ಇಟ್ಕೊಂಡು ಕುಂತಿದ್ದೆ. ರೈಟ್ರು ಷಡಕ್ಷರಪ್ನೋರು ಎದ್ರುಗ್ ನಿಂತ್ರು. ಅವ್ರ ನೆಳ್ಳು ಉದ್ದಕ್ಕೆ ನನ್ ಕಾಲತಾವ್ಕೇ ಬಂದಿತ್ತು. ರೈಟ್ರೇ, ನಿಮ್ ನೆಳ್ಳು ಬೀಳ್ತಾದೆ, ಒಸಿ ಈ ಕಡೀಕ್ ಬನ್ನಿ ಅಂದೆ. ಅದ್ಕೆ ಅವ್ರು, ಬೀಳ್ಲಿ ಬಿಡು ಮಂಚಯ್ಯ, ಎಲ್ರನ್ನೂ ತೆಗೀತೀನಿ, ನಾನೊಬ್ನೇ ಎಲ್ಲೂ ಇಲ್ಲ. ಮನೇಲಿ ಅವ್ಳು ನೋಡ್ದಾಗ ನಾನೂ ಇಲ್ಲೇ ಇದೀನಿ ಅಂತ ಗೊತ್ತಾಗ್ಲಿ ಅಂದ್ರು. ಅಂಗಂದ್ಬುಟ್ಟು ನಕ್ರು ಕಣ್ ಸಾ."

ಅಂದು ಮೇಷ್ಟ್ರು ಹೊಳೆನರಸೀಪುರಕ್ಕೆ ಮರಳುವಾಗ ರೈಲಿನಲ್ಲಿ ಆ ಮಾತನ್ನೇ ನೆನೆಯುತ್ತಿದ್ದರು. ಅದು ತಪ್ಪಿ ಬಿದ್ದ ನೆರಳಲ್ಲ. ಆ ಮನುಷ್ಯ ಹೆಂಡತಿಗೆಂದು ತನ್ನನ್ನು ಅಲ್ಲಿ ಇರಿಸಿದ್ದ. ಇಪ್ಪತ್ತು ವರ್ಷ ಅದು ಸುರಕ್ಷಿತವಾಗಿತ್ತು, ಕಾಪಾಡುತ್ತೇನೆಂದು ತಾವು ಹೋಗುವ ತನಕ. ಅದರ ಇನ್ನೊಂದು ಪ್ರತಿಯೂ ಹೋದ ವರ್ಷದವರೆಗೆ ದುದ್ದದ ಗೋಡೆಯ ಮೇಲೆ ತೂಗಾಡುತ್ತಿತ್ತು, ಅರ್ಧ ದಿನದ ಪ್ರಯಾಣದಷ್ಟು ದೂರದಲ್ಲಿ.

ಬೆಳಗಾದ ಮೇಲೆ ಅರಕಲಗೂಡಿಗೆ ಹೋದರು. ರೇವಮ್ಮ ಸೊರಗಿದ್ದರು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು ಅವರು ಹೇಳಿದ್ದನ್ನೆಲ್ಲ ಕೇಳಿದರು. ಷಡಕ್ಷರಿ ಆಡಿದ ಮಾತು ಬಂದಾಗ, "ಹಂಗಂದ್ರಾ?" ಎಂದರು.

"ಹಾಗಂದರಂತೆ."

"ಬೇಕೂಂತ್ಲೇ ಬಿಟ್ಟಿದ್ರು ಅಂತ ನಂಗೆ ಗೊತ್ತಿರ್ಲಿಲ್ಲ ಮೇಷ್ಟ್ರೇ. ಪಟ ಕೈಲಿರೋವರ್ಗೂ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ನಿಮ್ಗೆ ಕೊಡ್ತಿರ್ಲಿಲ್ಲ."

ಆಮೇಲೆ ಅವರೇ ಕೇಳಿದರು: "ಅವತ್ತೇ ಹೋಗಿದ್ರೆ ಸಿಕ್ತಿತ್ತಾ?"

"ಸಿಗ್ತಿತ್ತು. ಮಳೆ, ಮೈ ಸರಿಯಿಲ್ಲ ಅಂದದ್ದೆಲ್ಲ ನೆಪ. ಮಂಚಯ್ಯ ಊರಲ್ಲಿಲ್ಲ ಅಂದದ್ದು ಸುಳ್ಳು. ನಾಚಿಕೆಗೆ ಹೋಗಲಿಲ್ಲ ತಾಯಿ."

"ಅದು ನಂಗೆ ಆಗ್ಲೇ ಗೊತ್ತಾಗಿತ್ತು," ಎಂದರು ರೇವಮ್ಮ. ಎದ್ದು ಒಳಗೆ ಹೋಗಿ, ಗೋಡೆ ಹಿಡಿದುಕೊಂಡೇ ಬಂದು ಮಜ್ಜಿಗೆಯ ಲೋಟ ಇಟ್ಟರು. "ಕುಡೀರಿ. ಬಿಸ್ಲಲ್ಲಿ ಬಂದಿದೀರ." ಆಮೇಲೆ ಬೇರೆಲ್ಲೋ ನೋಡುತ್ತಾ ಹೇಳಿದರು: "ಆ ಮಂಚಯ್ಯನ್ನ ನಾನು ನೋಡ್ಬೇಕು. ಆ ಮಾತ ಅವ್ರ ಬಾಯಲ್ಲೇ ಕೇಳ್ಬೇಕು."

ವಾಚನಾಲಯಕ್ಕೆ ಮರಳಿದ ಮೇಲೆ ಮೇಷ್ಟ್ರು ಬೀಗ ತೆಗೆದು ಆಲ್ಬಂ ಹೊರಗಿಟ್ಟರು. ಹನ್ನೊಂದನೆಯ ಹಾಳೆಯಲ್ಲಿ, ಮೊದಲು ಬರೆದಿದ್ದ ವಿವರದ ಕೆಳಗೆ, ಬಿಳಿ ಶಾಯಿಯಲ್ಲಿ ಇನ್ನಷ್ಟು ಬರೆದರು. "ಈ ಚಿತ್ರದ ಕೆಳಭಾಗದಲ್ಲಿ ಇದನ್ನು ತೆಗೆದ ಅರಕಲಗೂಡಿನ ಷಡಕ್ಷರಿಯವರ ನೆರಳು ಇತ್ತು. ಮನೆಯವರು ನೋಡಲೆಂದು ಅವರೇ ಬೇಕೆಂದು ಅದನ್ನು ಉಳಿಸಿದ್ದರು. ಅವರ ಇನ್ನಾವ ಚಿತ್ರವೂ ಇಲ್ಲ. ಆ ಭಾಗವನ್ನು ೧೯೩೮ರಲ್ಲಿ ಕತ್ತರಿಸಿ ಹಾಳುಮಾಡಿದವನು ಈ ವಾಚನಾಲಯದ ಯೋಗಾನರಸಿಂಹಯ್ಯ." ಜಾಗ ಸಾಲದೆ ಕೊನೆಯ ಸಾಲು ಓರೆಯಾಗಿ ಹಾಳೆಯ ಅಂಚಿಗೆ ಹೋಯಿತು.

ಸಮಿತಿಯ ಕಾರ್ಯದರ್ಶಿಗೆ ಸಿಟ್ಟು ಬಂತು. "ದೊಡ್ಡ ದೊಡ್ಡವರು ಬಂದು ನೋಡೋ ಆಲ್ಬಂ. ಇದೇನು ಹೀಗೆ ಬರೆದಿಟ್ಟಿದೀರಿ? ವಾಚನಾಲಯಕ್ಕೆ ಕೆಟ್ಟ ಹೆಸರಲ್ಲವೇ? ಆ ಹಾಳೆ ತೆಗೆಸಿಬಿಡಿ."

"ಇನ್ನು ಇದರಲ್ಲಿ ಏನನ್ನೂ ಕತ್ತರಿಸೋದಿಲ್ಲ," ಎಂದರು ಮೇಷ್ಟ್ರು. "ಕೆಟ್ಟ ಹೆಸರು ನನ್ನದು. ಅದಕ್ಕೇ ನನ್ನ ಹೆಸರು ಬರೆದಿದೀನಿ."

ಮುಂದಿನ ವಾರ ಅವರು ಮತ್ತೆ ದುದ್ದಕ್ಕೆ ಹೋಗಿ ಮಂಚಯ್ಯನನ್ನು ಕರೆದುಕೊಂಡು ಅರಕಲಗೂಡಿಗೆ ಬಂದರು. ಮಂಚಯ್ಯ ಒಗೆದ ಪಂಚೆ ಉಟ್ಟು, ಹಳೆಯ ಪದಕ ಅಂಗಿಗೆ ಸಿಕ್ಕಿಸಿಕೊಂಡಿದ್ದ. ರೇವಮ್ಮ ಬಾಗಿಲಿಗೇ ಬಂದು, "ಬಾಪ್ಪ, ಒಳಗೆ ಬಾ," ಎಂದು ಕರೆದು ಚಾಪೆ ಹಾಸಿದರು. ಮೊದಲು ಅವನ ಮಗನ ವಿಷಯ ಕೇಳಿದರು. ಮೇಷ್ಟ್ರು ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ ಕಂಬಕ್ಕೊರಗಿ ಕುಳಿತರು.

ಮಂಚಯ್ಯನ ದೊಡ್ಡ ದನಿ ಹೊರಗೂ ಕೇಳುತ್ತಿತ್ತು. ಬೆಳಿಗ್ಗೆಯ ಬಿಸಿಲು, ಕುದುರೆಯ ಕಾಲು, ರೈಟರು ಎದುರಿಗೆ ನಿಂತದ್ದು. ಹೇಳಿ ಮುಗಿಸಿದ ಮೇಲೆ ರೇವಮ್ಮ ಮೆಲ್ಲಗೆ ಏನೋ ಕೇಳಿದರು. ಮಂಚಯ್ಯ ಮತ್ತೆ ಮೊದಲಿನಿಂದ ಶುರುಮಾಡಿದ. ಮೇಷ್ಟ್ರು ಎದುರಿನ ಬೀದಿಯನ್ನು ನೋಡುತ್ತಾ ಕುಳಿತೇ ಇದ್ದರು. ತಾವು ಹತ್ತಬೇಕಿದ್ದ ಹೊಳೆನರಸೀಪುರದ ಬಸ್ಸು ಬಂತು, ನಿಂತು ಹೋಯಿತು. ಅವರು ಒಳಗಿದ್ದವರನ್ನು ಕರೆಯಲಿಲ್ಲ.